ಆಷಾಢ ಕಳೆದ ಮೇಲೆ ಸಹಿ

ನನ್ನ ತಂಗಿ ಐರ್ಲೆಂಡಿನಲ್ಲಿ ಮನೆ ಕೊಳ್ಳುತ್ತಾಳೆ ಎಂಬ ಸುದ್ದಿ ಹಬ್ಬಿದ ವಾರ, ಚನ್ನಪಟ್ಟಣದ ನನ್ನ ಹೊಲಿಗೆ ಅಂಗಡಿಗೆ ರವಿಕೆ ಅಳತೆ ಕೊಡಲು ಬಂದವರಿಗಿಂತ ಆ ಮನೆಯ ವಿಚಾರ ಕೇಳಲು ಬಂದವರೇ ಹೆಚ್ಚು. "ಎಷ್ಟು ಕುಂಟೆ ಜಾಗ ಐತಂತೆ?" "ಬೋರ್ ಕೊರ್ಸವ್ರಂತಾ?" "ಬಾಗ್ಲು ಯಾವ ದಿಕ್ಕಿಗಂತೆ?" ನಮ್ಮೂರು ಬೈರಾಪಟ್ಟಣದಲ್ಲಿ ಪಕ್ಕದ ಮನೆಯಾಕೆಯಂತೂ, "ಅಲ್ಲ ಕಣಕ್ಕ, ಅಲ್ಲಿ ನಮ್ಮೋರು ಅಂತ ಯಾರವ್ರೆ? ಹೆಚ್ಚುಕಮ್ಮಿ ಆದ್ರೆ ಯಾರ್ ಬತ್ತಾರೆ?" ಎಂದು ಮೂಗು ಮುರಿದಳು. ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. "ಇಲ್ಲಿ ಅವ್ಳ ಗಂಡ ಬುಟ್ಟಾಗ ನೀವೆಲ್ಲಾ ಸಾಲಾಗಿ ಬಂದು ನಿಂತಿದ್ರಲ್ಲ, ಅಂಗೇ ಅಲ್ಲೂ ಬತ್ತಾರೆ ಬುಡು" ಎಂದೆ. ಆಕೆ ಆಮೇಲೆ ಬಹಳ ದಿನ ಅಂಗಡಿ ಕಡೆ ತಲೆ ಹಾಕಲಿಲ್ಲ. ಹೊಲಿಯಲು ಕೊಟ್ಟಿದ್ದ ರವಿಕೆಗಳನ್ನೂ ಮಗಳ ಕೈಯಲ್ಲಿ ತರಿಸಿಕೊಂಡಳು.

ಮನೆಯ ಕಥೆ ಹೇಳುವ ಮೊದಲು ಮಗುವಿನ ವಿಷಯ ಹೇಳಿಬಿಡಬೇಕು. ಯಾಕೆಂದರೆ ಆ ಮನೆ ಬೇಕಾಗಿದ್ದದ್ದೇ ಮಗುವಿಗೆ. ತಂಗಿಯ ಮದುವೆ ಎರಡು ವರ್ಷವೂ ನೆಟ್ಟಗೆ ನಡೆಯಲಿಲ್ಲ. ಕೈಗೂಸನ್ನು ಎತ್ತಿಕೊಂಡು ಬಂದವಳು ತವರಿಗೆ ಹೋಗದೆ ನನ್ನ ಮನೆಗೆ ಬಂದಳು. ತವರು ಕನಕಪುರದ ಕಡೆ. ಅವ್ವ ಅಲ್ಲೇ ಇದ್ದಾಳೆ, ಆದರೆ ಅದು ಈಗ ಅಣ್ಣತಮ್ಮಂದಿರ ಮನೆ, ಅತ್ತಿಗೆಯರ ಮನೆ. ಗಂಡ ಬಿಟ್ಟು ಬಂದವಳಿಗೆ ಅಲ್ಲಿ ಊಟಕ್ಕೇನೂ ಕಮ್ಮಿ ಮಾಡುತ್ತಿರಲಿಲ್ಲ, ಮಾತಿಗೂ ಕಮ್ಮಿ ಮಾಡುತ್ತಿರಲಿಲ್ಲ. ತಂಗಿ ನರ್ಸಿಂಗ್ ಓದಿದ್ದಳು. ಚನ್ನಪಟ್ಟಣದಿಂದ ರೈಲು ಹಿಡಿದು ಬೆಂಗಳೂರಿನ ಆಸ್ಪತ್ರೆಯೊಂದಕ್ಕೆ ಹೋಗಿ ಬರುತ್ತಿದ್ದಳು. ಐರ್ಲೆಂಡಿಗೆ ನರ್ಸುಗಳು ಬೇಕಂತೆ ಎಂದು ಜೊತೆಯವರೆಲ್ಲ ಪರೀಕ್ಷೆ ಕಟ್ಟಿದಾಗ ಇವಳೂ ಕಟ್ಟಿದಳು. ಪಾಸಾದಳು. ಮಗು ಆಗ ಯುಕೆಜಿ.

"ಒಂದೊರ್ಸ ಅಕ್ಕ. ಒಂದೊರ್ಸ ನೋಡ್ಕೊ. ಅಷ್ಟ್ರಲ್ಲಿ ಕರ್ಸ್ಕೋತೀನಿ" ಎಂದಳು ಹೊರಡುವ ದಿನ. ನನ್ನ ಒಬ್ಬನೇ ಮಗ ಅಷ್ಟು ಹೊತ್ತಿಗೆ ಬಿಡದಿಯ ಫ್ಯಾಕ್ಟರಿಗೆ ಕೆಲಸಕ್ಕೆ ಹೋಗುವಷ್ಟು ದೊಡ್ಡವನಾಗಿದ್ದ. ಮನೆಯಲ್ಲಿ ಮತ್ತೊಂದು ಮಗು ಓಡಾಡುವುದು ನನಗೂ ನನ್ನ ಗಂಡನಿಗೂ ಬೇಕಾಗಿಯೇ ಇತ್ತು. ಸುಳ್ಳು ಯಾಕೆ ಹೇಳಲಿ, ಒಂದು ವರ್ಷವಲ್ಲ ಎರಡಾದರೂ ಆಗಲಿ ಎಂದುಕೊಂಡವಳೇ ನಾನು.

ಹೋದ ಮೇಲೆ ಗೊತ್ತಾಯಿತು, ಅಲ್ಲಿ ಕೆಲಸ ಸಿಕ್ಕುವುದು ಸುಲಭ, ಸೂರು ಸಿಕ್ಕುವುದು ಕಷ್ಟ. ಬಾಡಿಗೆಗೆ ಒಂದು ಮನೆ ಖಾಲಿಯಾದರೆ ನೋಡಲು ನಮ್ಮ ನ್ಯಾಯಬೆಲೆ ಅಂಗಡಿಯ ಮುಂದೆ ನಿಲ್ಲುವ ಹಾಗೆ ಜನ ನಿಲ್ಲುತ್ತಾರಂತೆ. ಒಬ್ಬಳೇ ಹೆಂಗಸು, ಜೊತೆಗೆ ಮಗು, ರಾತ್ರಿ ಪಾಳಿ ಬೇರೆ ಎಂದರೆ ಮಾಲೀಕರು ಆಮೇಲೆ ಫೋನ್ ಮಾಡುತ್ತೇವೆ ಎನ್ನುತ್ತಾರೆ, ಮಾಡುವುದಿಲ್ಲ. ಕೇರಳದ ನಾಲ್ಕು ಜನ ನರ್ಸುಗಳ ಜೊತೆ ಒಂದು ಮನೆಯಲ್ಲಿ ಇದ್ದಳು. ಅಲ್ಲಿ ಮಕ್ಕಳನ್ನು ಇಟ್ಟುಕೊಳ್ಳುವ ಹಾಗಿಲ್ಲ ಎಂದು ಮಾಲೀಕನ ಕಟ್ಟಪ್ಪಣೆ. ಬಾಡಿಗೆಗೆ ಸಿಕ್ಕದಿದ್ದರೆ ಕೊಂಡೇ ಬಿಡುತ್ತೇನೆ ಎಂದು ಹಟ ಹಿಡಿದು ಹೆಚ್ಚುವರಿ ಪಾಳಿ ಮಾಡತೊಡಗಿದಳು. ಗಂಡನ ಮನೆಯಿಂದ ಹೊರಬಿದ್ದವಳಿಗೆ, ತವರಿನಲ್ಲಿ ಚಾಪೆ ಹಾಸಲೂ ಅತ್ತಿಗೆಯ ಮುಖ ನೋಡಬೇಕಾದವಳಿಗೆ, ತನ್ನದು ಅನ್ನುವ ಒಂದು ಬಾಗಿಲು ಬೇಕಿತ್ತು. ಆ ಬಾಗಿಲನ್ನು ಮಗಳ ಕೈ ಹಿಡಿದುಕೊಂಡು ದಾಟಬೇಕಿತ್ತು. ಅವಳಿಗೆ ಬೇಕಾಗಿದ್ದದ್ದು ಇಷ್ಟೇ.

ಮಗು ಎರಡನೇ ಕ್ಲಾಸಿಗೆ ಬಂದ ವರ್ಷ ಮನೆ ಸಿಕ್ಕಿತು. ಬೂದು ಕಲ್ಲಿನ, ಕೆಂಪು ಬಾಗಿಲಿನ ಮನೆ. ಮಹಡಿಯ ಮೇಲೆ ಒಂದು ಪುಟ್ಟ ಕೋಣೆ, ಅದರ ಕಿಟಕಿ ತೆರೆದರೆ ಹುಲ್ಲುಗಾವಲು, ಅಲ್ಲಿ ಎರಡು ಕುದುರೆ. ವಿಡಿಯೋದಲ್ಲಿ ಕುದುರೆ ಕಂಡದ್ದೇ ಮಗು ಕುಣಿದಾಡಿತು. "ಅಮ್ಮ, ಅವು ನಮ್ದಾ?" "ನಮ್ದಲ್ಲ ಕಣವ್ವ, ಆದ್ರೆ ದಿನಾ ನೋಡ್ಬೋದು." ಗೋಡೆಗೆ ಯಾವ ಬಣ್ಣ ಎಂದು ತಂಗಿ ಕೇಳಿದಳು. ಮಗು ನನ್ನ ಅಂಗಡಿಯಿಂದ ಹಳದಿ ಬಟ್ಟೆಯ ತುಂಡೊಂದನ್ನು ತಂದು ಫೋನಿನ ಮುಂದೆ ಹಿಡಿದು, "ಇಂಥದ್ದು" ಎಂದಿತು. ಆ ತುಂಡು ಯಾರದೋ ಮದುವೆ ರವಿಕೆಯದು. ಆಮೇಲೆ ಅದು ಸಿಕ್ಕದೆ ನಾನು ಅಂಗಡಿಯೆಲ್ಲ ತಡಕಾಡಿದೆ.

ಮಾತುಕತೆಯಾಯಿತು. ಮನೆಯ ಮುಂದೆ, ಈ ಮನೆಗೆ ಮಾತಾಗಿದೆ ಎಂಬ ಬೋರ್ಡು ನೆಟ್ಟರು. ತಂಗಿ ಆ ಬೋರ್ಡಿನ ಪಕ್ಕ ನಿಂತು ಫೋಟೊ ಕಳಿಸಿದಳು, ಹಲ್ಲೆಲ್ಲ ಕಾಣುವ ಹಾಗೆ ನಕ್ಕ ಫೋಟೊ. ಮದುವೆಯಾದ ಮೇಲೆ ಅವಳು ಹಾಗೆ ನಕ್ಕಿದ್ದನ್ನು ನಾನು ನೋಡಿರಲಿಲ್ಲ. ಇನ್ನೇನು, ಬೀಗದ ಕೈ ಕೈಗೆ ಬಂದ ಹಾಗೇ ಎಂದುಕೊಂಡೆವು.

ಆದರೆ ಆ ಮನೆ ತೀರಿಕೊಂಡ ಒಬ್ಬ ಅಜ್ಜಿಯದು. ಅಜ್ಜಿಯ ಮಕ್ಕಳು ಮಾರುತ್ತಿದ್ದರು. ಸತ್ತವರ ಆಸ್ತಿ ಮಕ್ಕಳ ಹೆಸರಿಗೆ ಬರಬೇಕಾದರೆ ಕೋರ್ಟಿನಿಂದ ಕಾಗದ ಬರಬೇಕಂತೆ, ಅದು ಬರಲು ತಿಂಗಳುಗಳೇ ಬೇಕಂತೆ. ನನ್ನ ಗಂಡನಿಗೆ ಇದನ್ನು ಹೇಳಿದಾಗ ರೇಷ್ಮೆ ಹುಳುವಿಗೆ ಸೊಪ್ಪು ಹಾಕುತ್ತಿದ್ದವರು ತಟ್ಟೆ ಕೆಳಗಿಟ್ಟು ಬಿದ್ದು ಬಿದ್ದು ನಕ್ಕರು. "ಅಲ್ಲೂ ಪೌತಿ ಖಾತೆನಾ! ನಾನು ಅದೊಂದು ನಮ್ಮ ತಾಲ್ಲೂಕಾಪೀಸ್ನಲ್ಲಿ ಮಾತ್ರ ಅಂದ್ಕೊಂಡಿದ್ದೆ." ಅವರ ಅಪ್ಪನ ಜಮೀನು ಅಣ್ಣತಮ್ಮಂದಿರ ಹೆಸರಿಗಾಗಲು ಅವರು ಚಪ್ಪಲಿ ಸವೆಸಿದ್ದನ್ನು ಊರೇ ನೋಡಿದೆ. ಬಿಳಿಯರ ದೇಶದಲ್ಲೂ ಜನ ಇದೇ ಪಾಡು ಪಡುತ್ತಾರೆಂದು ಅವರಿಗೆ ಏನೋ ಸಮಾಧಾನ.

ಸರ್ವೇಯರ್ ಬರುತ್ತಾನೆ ಎಂದಳು ತಂಗಿ ಒಮ್ಮೆ. ನಮಗೆ ಸರ್ವೇಯರ್ ಎಂದರೆ ಚೈನು ಹಿಡಿದು ಜಮೀನು ಅಳೆಯುವವನು. ಅಲ್ಲಿಯವನು ಬಂದು ಗೋಡೆಗೆ ಕಿವಿ ಇಟ್ಟು, ಅಟ್ಟ ಹತ್ತಿ, ತೇವ ಎಲ್ಲಿದೆ, ಮರಕ್ಕೆ ಹುಳ ಎಲ್ಲಿ ಹಿಡಿದಿದೆ ಎಂದು ನೋಡಿಕೊಂಡು ಹೋದನಂತೆ. ಆಮೇಲೆ ಇವಳ ವಕೀಲ ಅವರ ವಕೀಲನಿಗೆ ಪತ್ರ ಬರೆದ. ಅವರ ವಕೀಲ ರಜದಲ್ಲಿದ್ದ. ಅವನು ಬಂದಾಗ ಇವನು ರಜ. ಹಿತ್ತಲ ಬೇಲಿ ನಕ್ಷೆಯಲ್ಲಿ ಒಂದು ಕಡೆ, ನೆಲದ ಮೇಲೆ ಇನ್ನೊಂದು ಕಡೆ ಎಂದು ಮತ್ತೊಂದು ಸುತ್ತು ಪತ್ರ. ಅವಳು ಬೆಳಗ್ಗೆ ಪಾಳಿ ಮುಗಿಸಿ ಫೋನ್ ಮಾಡುವ ಹೊತ್ತಿಗೆ ನಮಗೆ ಮಧ್ಯಾಹ್ನ, ನಾನು ಅಂಗಡಿಯಲ್ಲಿ ಬುತ್ತಿ ಬಿಚ್ಚುವ ಹೊತ್ತು. ಪ್ರತಿ ಸಲವೂ ನಾನು ಕೇಳುವ ಮೊದಲೇ ಅವಳು ಹೇಳುತ್ತಿದ್ದಳು: "ಏನೂ ಇಲ್ಲ ಅಕ್ಕ. ಕಾಯ್ಬೇಕಂತೆ."

ಮಗುವಿಗೆ ಈ ಕಾಯುವುದು ಅರ್ಥವಾಗಲು ಅದರದೇ ದಾರಿ ಇತ್ತು. ಹುಳುಮನೆಯಲ್ಲಿ ಬೆಳೆದ ಮಗು ಅದು. ರೇಷ್ಮೆ ಹುಳು ಪೊರೆ ಬಿಡುವಾಗ ಸೊಪ್ಪು ಮುಟ್ಟದೆ, ತಲೆಯೆತ್ತಿಕೊಂಡು ಅಲ್ಲಾಡದೆ ಕೂರುತ್ತದೆ. ಅದಕ್ಕೆ ನಾವು ಜ್ವರಕ್ಕೆ ಕೂತಿದೆ ಎನ್ನುತ್ತೇವೆ. ಆಗ ಅದನ್ನು ಅಲುಗಿಸಬಾರದು, ಸುಮ್ಮನೆ ಬಿಟ್ಟುಬಿಡಬೇಕು. ಒಂದು ದಿನ ಮಗು ನನ್ನ ಗಂಡನನ್ನು ಕೇಳಿತು, "ದೊಡ್ಡಪ್ಪ, ಅಮ್ಮನ ಮನೆ ಜ್ವರಕ್ಕೆ ಕೂತದಾ?" ಅವರು ಮಗುವನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡು, "ಊಂ ಕಣವ್ವ, ಎದ್ಬುಡ್ತದೆ ಇರು" ಎಂದರು.

ಈ ನಡುವೆ ತಂಗಿ ಪಾರ್ಸೆಲ್ ಕಳಿಸುತ್ತಿದ್ದಳು. ಊರಿಗೆ ಬರುವವರ ಕೈಯಲ್ಲಿ ಫ್ರಾಕು, ಸ್ವೆಟರು, ಚಳಿಗೆ ಹಾಕುವ ದಪ್ಪ ಕೋಟು. ಒಂದೂ ಸರಿಹೋಗುತ್ತಿರಲಿಲ್ಲ. ತಾನು ಬಿಟ್ಟು ಹೋದಾಗ ಮಗು ಎಷ್ಟಿತ್ತೋ ಅದೇ ಅವಳ ಕಣ್ಣಲ್ಲಿ ಕೂತಿತ್ತು. ಅಂಗಡಿಯಲ್ಲಿ ನಿಂತು ಬಟ್ಟೆ ಎತ್ತಿ ನೋಡುವಾಗ ಕೈ ತಾನಾಗಿ ಸಣ್ಣದರ ಕಡೆಗೇ ಹೋಗುತ್ತಿತ್ತೋ ಏನೋ. ನಾನು ಹೊಲಿಗೆ ಬಿಚ್ಚಿ, ಒಳಗೆ ಮಡಚಿದ್ದನ್ನೆಲ್ಲ ಬಿಟ್ಟು, ಕಂಕುಳಿಗೆ ತುಂಡು ಕೊಟ್ಟು ಹೇಗೋ ತೊಡಿಸಿ ಫೋಟೊ ಕಳಿಸುತ್ತಿದ್ದೆ. "ಎಷ್ಟ್ ಚೆನ್ನಾಗ್ ಕೂತದೆ ನೋಡು!" ಎಂದು ಅವಳು ಹಿಗ್ಗುತ್ತಿದ್ದಳು. ನಾನು ತುಟಿ ಪಿಟಕ್ಕೆನ್ನಲಿಲ್ಲ.

ಜೂನ್ ಕೊನೆಗೆ ಕೋರ್ಟಿನ ಕಾಗದ ಬಂತು. ಬೇಲಿಯ ತಂಟೆ ಮುಗಿಯಿತು. ಬ್ಯಾಂಕು ಸರಿ ಎಂದಿತು. ತಂಗಿ ಫೋನ್ ಮಾಡಿದಾಗ ಅವಳ ದನಿಯೇ ಬೇರೆ. "ಅಕ್ಕ, ವಕೀಲ್ರು ಬಂದು ಸಹಿ ಆಕಿ ಅಂತವ್ರೆ. ಎಲ್ಲಾ ರೆಡಿ ಐತೆ."

"ಓಗು ಮತ್ತೆ! ಇನ್ನೂ ಫೋನಲ್ಲಿ ಏನ್ ಮಾಡ್ತಿದ್ದೀಯೆ?" ಎಂದೆ.

"ಆಷಾಢ ಅಲ್ವಾ ಅಕ್ಕ" ಎಂದಳು.

ನನಗೆ ನಗು ಬಂತು. "ಆಷಾಢ ನಮ್ಗೆ ಕಣೇ ಹುಚ್ಚಿ. ಐರ್ಲೆಂಡ್ಗೆ ಯಾವ ಆಷಾಢ? ಅಲ್ಲಿ ವರ್ಸೆಲ್ಲಾ ಮಳೆ, ವರ್ಸೆಲ್ಲಾ ಗಾಳಿ."

ಅವಳು ನಗಲಿಲ್ಲ. "ಮದ್ವೆಗೆ ದಿನ ನೋಡ್ದೆ ಆತ್ರ ಬಿದ್ವಿ, ಅದ್ಕೇ ಇಂಗಾಯ್ತು ಅಂತ ನೀವೇ ತಾನೆ ಅಂತಿದ್ದದ್ದು? ಈ ಸಲ ನಾನು ಒಂದೂ ತಪ್ಪು ಮಾಡಕಿಲ್ಲ. ನನ್ ಮಗ್ಳು ಕಾಲಿಡೋ ಮನೆ. ಶ್ರಾವಣದಾಗೆ ಒಂದು ಒಳ್ಳೆ ದಿನ ಕೇಳ್ಬುಟ್ಟು ಹೇಳು."

ಅವಳ ಮದುವೆ ಆಗಿದ್ದು ಧನುರ್ಮಾಸದಲ್ಲಿ. ಗಂಡಿನ ಅಜ್ಜಿ ಹಾಸಿಗೆ ಹಿಡಿದಿದ್ದಾರೆ, ಕಣ್ಣು ಮುಚ್ಚುವುದರೊಳಗೆ ಮದುವೆ ನೋಡಬೇಕಂತೆ ಎಂದು ಅವರ ಕಡೆಯವರು ಅವಸರ ಮಾಡಿದರು, ನಾವು ಒಪ್ಪಿಕೊಂಡೆವು. ಮದುವೆ ಮುರಿದ ಮೇಲೆ ಬೀಗರ ಮನೆ, ಸಾವಿನ ಮನೆ, ನಾಮಕರಣದ ಮನೆ, ಎಲ್ಲಿ ನಾಲ್ಕು ಹೆಂಗಸರು ಸೇರಲಿ, ಕೊನೆಗೆ ಮಾತು ಅಲ್ಲಿಗೇ ಬಂದು ನಿಲ್ಲುತ್ತಿತ್ತು: "ಧನುರ್ಮಾಸದಾಗೆ ಮಾಡುದ್ ಮದ್ವೆ, ಇನ್ನೇನಾಯ್ತದೆ." ಗಂಡನಿಗೆ ಕುಡಿತವಿತ್ತು, ಕೈ ಎತ್ತುತ್ತಿದ್ದ. ಅದೆಲ್ಲ ಎಲ್ಲರಿಗೂ ಗೊತ್ತಿತ್ತು. ಆದರೆ ಬೈಯಲು ತಿಂಗಳು ಸುಲಭ, ಗಂಡಸು ಕಷ್ಟ. ತಂಗಿ ಅಲ್ಲೇ ಕೂತು ಅವರೆಕಾಯಿ ಬಿಡಿಸುತ್ತಿದ್ದಳು, ತಲೆಯೆತ್ತುತ್ತಿರಲಿಲ್ಲ. ಕಿವಿಗೆ ಹಾಕಿಕೊಂಡಿಲ್ಲ ಎಂದುಕೊಂಡಿದ್ದೆವು. ಅದನ್ನೆಲ್ಲ ಗಂಟು ಕಟ್ಟಿಕೊಂಡು ಅಷ್ಟು ದೂರ ಹೊತ್ತುಕೊಂಡು ಹೋಗಿದ್ದಳು ಪಾಪ.

ಅವ್ವನಿಗೆ ಫೋನ್ ಮಾಡಿದೆ. "ಒಳ್ಳೆ ಕೆಲ್ಸ ಮಾಡವ್ಳೆ. ಶ್ರಾವಣ ಬರ್ಲಿ. ಇಷ್ಟ್ ದಿನ ಕಾದವ್ಳು ಇನ್ನೊಸಿ ದಿನ ಕಾಯಕಾಗಕಿಲ್ವಾ?" ಎಂದಳು. ನನ್ನ ಗಂಡನಂತೂ, "ಮಾತಾಗೈತೆ, ಬೋರ್ಡು ನೆಟ್ಟವ್ರೆ. ಮನೆಗೇನು ಕಾಲ್ ಬಂದು ಓಡೋಯ್ತದಾ?" ಎಂದರು. ಅವರ ತಪ್ಪೂ ಅಲ್ಲ. ನಮ್ಮ ಕಡೆ ಜಮೀನಿಗಾಗಲಿ ಮನೆಗಾಗಲಿ ನಾಲ್ಕು ಜನರ ಮುಂದೆ ಮಾತಾಗಿ, ಎಲೆ ಅಡಿಕೆ ಮೇಲೆ ಅಡ್ವಾನ್ಸ್ ಇಟ್ಟು ಕೈಗೆ ಕೊಟ್ಟರೆ ಮುಗಿಯಿತು. ರಿಜಿಸ್ಟ್ರೇಷನ್ ಆರು ತಿಂಗಳು ಬಿಟ್ಟು ಮಾಡಿಸಿಕೊಳ್ಳಲಿ, ಮಾತು ತಪ್ಪಿದವನು ಊರಲ್ಲಿ ತಲೆಯೆತ್ತಿ ಓಡಾಡುವ ಹಾಗಿಲ್ಲ. ಆಷಾಢದಲ್ಲಿ ಇಲ್ಲಿನ ಸಬ್ ರಿಜಿಸ್ಟ್ರಾರ್ ಆಫೀಸು ಬಿಕೋ ಎನ್ನುತ್ತಿರುತ್ತದೆ, ಯಾರ ಮನೆಯೂ ಎಲ್ಲಿಗೂ ಹೋಗಿರುವುದಿಲ್ಲ. ಅಲ್ಲೂ ಹಾಗೇ ಎಂದುಕೊಂಡೆವು. ಸಹಿ ಬೀಳುವವರೆಗೂ ಯಾರು ಬೇಕಾದರೂ ಹಿಂದೆ ಸರಿಯಬಹುದು, ತಡ ಮಾಡಬೇಡಿ ಎಂದು ಅಲ್ಲಿಯ ವಕೀಲ ತಂಗಿಗೆ ಬಿಡಿಸಿ ಹೇಳಿದ್ದನಂತೆ. ಮನೆಯ ಹಿರಿಯರ ಇಷ್ಟ, ಮೂರು ನಾಲ್ಕು ವಾರ ಅಷ್ಟೇ ಎಂದು ಇವಳು ಹೇಳಿದಳಂತೆ.

ನಾನು ದೇವಸ್ಥಾನದ ಅಯ್ಯನವರ ಹತ್ತಿರ ಹೋಗಿ ಶ್ರಾವಣದ ಒಂದು ಶುಕ್ರವಾರ ಗೊತ್ತು ಮಾಡಿಸಿದೆ. ಬೆಳಗಿನ ಲಗ್ನ ಕೊಟ್ಟರು. ನಮ್ಮ ಬೆಳಗೋ ಅವರ ಬೆಳಗೋ ಎಂದು ಕೇಳಿದೆ. ಅಯ್ಯನವರು ಪಂಚಾಂಗ ತಿರುವಿ ಹಾಕಿ, "ಸಹಿ ಹಾಕೋರ ಬೆಳಗು" ಎಂದರು.

ಇತ್ತ ಮಗು ಶಾಲೆಯಲ್ಲಿ ಡಂಗುರ ಸಾರಿಬಿಟ್ಟಿತ್ತು. ಆಗ ಮೂರನೇ ಕ್ಲಾಸು. ಶ್ರಾವಣಕ್ಕೆ ಅಮ್ಮ ಸಹಿ ಹಾಕುತ್ತಾಳೆ, ಆಮೇಲೆ ವೀಸಾ, ಆಮೇಲೆ ವಿಮಾನ. ಒಂದು ದಿನ ಹಟ ಮಾಡಿ ನನ್ನ ಕೈಯಲ್ಲಿ ಎರಡು ಪೊಟ್ಟಣ ಚಾಕೊಲೇಟು ಕೊಡಿಸಿಕೊಂಡು ಹೋಗಿ ಕ್ಲಾಸಿಗೆಲ್ಲ ಹಂಚಿತು. ಮೇಷ್ಟ್ರು ಎಲ್ಲರ ಕೈಯಲ್ಲಿ ಚಪ್ಪಾಳೆ ಹೊಡೆಸಿದರಂತೆ. ಗೆಳತಿಯೊಬ್ಬಳು ತನ್ನ ಹೊಸ ಪೆನ್ಸಿಲ್ ಬಾಕ್ಸನ್ನೇ ಕೊಟ್ಟುಬಿಟ್ಟಿದ್ದಳು, ನೆನಪಿಗೆ ಎಂದು. ಮನೆಗೆ ಬಂದ ಮಗು ಮಂಚದ ಕೆಳಗಿನ ಬ್ಯಾಗು ಎಳೆದು, ತನ್ನ ಬಟ್ಟೆ, ಕೋಟು, ಆ ಪೆನ್ಸಿಲ್ ಬಾಕ್ಸು ಎಲ್ಲ ತುಂಬಿಟ್ಟುಕೊಂಡಿತು. ದಿನಾ ಒಂದು ಸಲ ಜಿಪ್ಪು ತೆಗೆದು ನೋಡುವುದು, ಮತ್ತೆ ಹಾಕುವುದು. ಹಾಕುವ ಬಟ್ಟೆಗೂ ಪರದಾಟ, ಎಲ್ಲ ಬ್ಯಾಗಿನಲ್ಲಿ.

ಭೀಮನ ಅಮಾವಾಸ್ಯೆಗೆ ಇನ್ನೂ ಒಂದು ವಾರವಿತ್ತು. ಮಧ್ಯಾಹ್ನ ಫೋನ್ ಬಂತು.

"ಅಕ್ಕ, ಮನೆ ಓಯ್ತು."

"ಓಯ್ತು ಅಂದ್ರೆ? ಬೆಂಕಿ ಗಿಂಕಿ ಬಿತ್ತಾ?" ಎಂದೆ.

"ಇಲ್ಲ. ಆ ಅಜ್ಜಿ ಮೊಮ್ಮಗ್ಳು ಬಸ್ರಿಯಂತೆ. ಅವ್ಳಿಗೂ ಎಲ್ಲೂ ಮನೆ ಸಿಕ್ಕಿಲ್ವಂತೆ. ಅಜ್ಜಿ ಮನೇಲಿ ತಾನೇ ಇರ್ತೀನಿ ಅಂದ್ಳಂತೆ, ಒಪ್ಕೊಂಡವ್ರೆ. ಕ್ಷಮ್ಸಿ ಅಂತ ಪತ್ರ ಬರ್ದವ್ರೆ."

ನನ್ನ ಪಿತ್ತ ನೆತ್ತಿಗೇರಿತು. ಬಾಯಿಗೆ ಬಂದದ್ದೆಲ್ಲ ಅಂದೆ. ಮಾತು ಕೊಟ್ಟು ತಪ್ಪುವ ಅವರೇನು ಮನುಷ್ಯರಾ ಎಂದೆ, ವಕೀಲನಿಗೆ ದುಡ್ಡು ಯಾಕೆ ಕೊಟ್ಟೆ ಎಂದೆ, ಕೋರ್ಟಿಗೆ ಹಾಕು ಎಂದೆ. ಅವಳು ಎಲ್ಲ ಕೇಳಿಸಿಕೊಂಡು, "ಅವ್ರದ್ದು ತಪ್ಪಿಲ್ಲ ಕಣಕ್ಕ. ನಾನು ಅವತ್ತೇ ಸಹಿ ಆಕಿದ್ರೆ ಅವ್ರೂ ಆಕ್ತಿದ್ರು" ಎಂದಳು. ಅಷ್ಟು ಹೇಳಿ, ಡ್ಯೂಟಿಗೆ ಹೊತ್ತಾಯಿತು ಎಂದು ಫೋನ್ ಇಟ್ಟಳು. ಅವಳಿಗೆ ಆ ದಿನ ಡ್ಯೂಟಿ ಇರಲಿಲ್ಲ. ಅದು ನನಗೆ ಗೊತ್ತಿತ್ತು.

ಬೈಯೋಣವೆಂದರೆ ಯಾರನ್ನು ಬೈಯುವುದು? ಬಸುರಿ ಹೆಣ್ಣನ್ನಾ? ಸತ್ತ ಅಜ್ಜಿಯನ್ನಾ? ದಿನ ಕೇಳಿದವರಿಗೆ ದಿನ ಕೊಟ್ಟ ಅಯ್ಯನವರನ್ನಾ? ಮುದುಕಿ ಅವ್ವನನ್ನಾ? ಅಂಗಡಿಯ ಶಟರ್ ಎಳೆದು ಒಳಗೆ ಕೂತು ಅತ್ತೆ. ಧನುರ್ಮಾಸ ಧನುರ್ಮಾಸ ಎಂದು ಎಷ್ಟು ಬಾಯಿಗಳು ಅಂದಿದ್ದವೋ ಅವೆಲ್ಲ ಸೇರಿ ನನ್ನ ತಂಗಿಯ ಮನೆ ಕಸಿದುಕೊಂಡ ಹಾಗನ್ನಿಸಿತು. ನಮ್ಮ ಮಾತು ಕೇಳಿ ಅವಳು ಒಂದು ಸಲ ಕೆಟ್ಟಿದ್ದಳು, ನಮ್ಮ ಮಾತು ನೆನೆಸಿಕೊಂಡು ಇನ್ನೊಂದು ಸಲ ಕೆಟ್ಟಳು. ಇವತ್ತಿಗೂ ಯಾರಾದರೂ ಮದುವೆ ಮುರಿದವಳ ಮುಂದೆ ತಿಂಗಳು, ನಕ್ಷತ್ರ ಎಂದು ಬಾಯಿ ತೆರೆದರೆ ನನಗೆ ಮೈಯೆಲ್ಲ ಉರಿಯುತ್ತದೆ.

ಮಗುವಿಗೆ ಒಂದು ವಾರ ಹೇಳಲಿಲ್ಲ. ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ಕೊನೆಗೆ ನನ್ನ ಗಂಡನೇ ಹುಳುಮನೆಯಲ್ಲಿ ಪಕ್ಕ ಕೂರಿಸಿಕೊಂಡು ಹೇಳಿದರು. ಅದು ಅಳಲಿಲ್ಲ. "ಕುದ್ರೆ?" ಎಂದು ಮಾತ್ರ ಕೇಳಿತಂತೆ. ಬೇರೆ ಮನೆ ಸಿಗುತ್ತದೆ, ಅಲ್ಲೂ ಕುದುರೆ ಇರುತ್ತವೆ ಎಂದರಂತೆ ಇವರು.

ಶಾಲೆಯೇ ಕಷ್ಟವಾಯಿತು. "ಏ, ನೀನು ಇನ್ನೂ ಓಗ್ಲಿಲ್ವಾ?" ಎಂದು ದಿನಾ ಒಬ್ಬರಲ್ಲ ಒಬ್ಬರು. ಕೆಲವರು ಅದಕ್ಕೆ ಐರ್ಲೆಂಡು ಎಂದೇ ಹೆಸರಿಟ್ಟರು. "ಐರ್ಲೆಂಡು, ಬಾರೇ ಇಲ್ಲಿ." ಪೆನ್ಸಿಲ್ ಬಾಕ್ಸ್ ಕೊಟ್ಟ ಹುಡುಗಿ, ನೀನು ಹೋಗುವುದಿಲ್ಲವಲ್ಲ, ವಾಪಸು ಕೊಡು ಎಂದಳಂತೆ. ಮಕ್ಕಳು, ಅವಕ್ಕೇನು ಗೊತ್ತು. ಇದು ಬಂದು ಬ್ಯಾಗಿನ ತಳದಿಂದ ಬಾಕ್ಸ್ ತೆಗೆದುಕೊಂಡು ಹೋಗಿ ಕೊಟ್ಟು ಬಂತು. ಅದಾದ ಮೇಲೆ ಒಂದು ಭಾನುವಾರ ನಾನು ಒಲೆ ಮುಂದೆ ಇದ್ದೆ. ಮಗು ಬ್ಯಾಗನ್ನು ಹೊರಗೆ ಎಳೆದು, ಬಟ್ಟೆಗಳನ್ನೆಲ್ಲ ತೆಗೆದು ಬೀರುವಿನಲ್ಲಿ ಮಡಚಿಟ್ಟಿತು. ಕೋಟನ್ನು ಕೊಡವಿ ಮೊಳೆಗೆ ನೇತುಹಾಕಿತು. ಖಾಲಿ ಬ್ಯಾಗಿಗೆ ಹಳೆಯ ಪುಸ್ತಕಗಳನ್ನು ತುಂಬಿ ಅಟ್ಟದ ಮೇಲಿಡು ಎಂದು ನನ್ನ ಮಗನ ಕೈಗೆ ಕೊಟ್ಟಿತು. ನಾನು ನೋಡುತ್ತಲೇ ನಿಂತಿದ್ದೆ. ಆ ದಿನದಿಂದ ಅದು ಅಮ್ಮನ ಮನೆ ಏನಾಯಿತು ಎಂದು ಒಂದು ಸಲವೂ ಕೇಳಲಿಲ್ಲ.

ತಂಗಿಗೆ ಬ್ಯಾಂಕು ಕೊಟ್ಟಿದ್ದ ಗಡುವು ಮುಗಿದುಹೋಗಿತ್ತು. ಮತ್ತೆ ಮೊದಲಿನಿಂದ. ಮನೆಗಳ ಬೆಲೆ ಅಷ್ಟರಲ್ಲಿ ಏರಿ ಕೂತಿತ್ತು. ಒಂದು ಮನೆ ಇನ್ನೊಬ್ಬರ ಪಾಲಾಯಿತು, ಒಂದರ ಗೋಡೆಯೊಳಗೆ ತೇವ, ಒಂದರ ಮಾಲೀಕ ಮಾರುವ ಮನಸ್ಸೇ ಬದಲಾಯಿಸಿದ. ನಾನು ವಿಚಾರಿಸುವುದನ್ನು ಬಿಟ್ಟೆ. ಅವಳು ರಜ ಉಳಿಸಿಕೊಂಡು ಎರಡು ವರ್ಷಕ್ಕೊಮ್ಮೆ ಬರುತ್ತಿದ್ದಳು. ಬಂದಾಗಲೆಲ್ಲ ಮಗಳನ್ನು ತಬ್ಬಿಕೊಂಡು ಮಲಗುತ್ತಿದ್ದಳು. ಮಗಳೂ ಅಲ್ಲಾಡದೆ ಮಲಗುತ್ತಿದ್ದಳು, ಬೆಳಗಾದರೆ ಎದ್ದು ಬಂದು ನನ್ನ ಹತ್ತಿರ ಜಡೆ ಹಾಕಿಸಿಕೊಳ್ಳುತ್ತಿದ್ದಳು.

ಕೊನೆಗೂ ಮನೆಯಾಯಿತು, ಮಗಳು ಆರನೇ ಕ್ಲಾಸಿನಲ್ಲಿದ್ದಾಗ. ಆಸ್ಪತ್ರೆಯಿಂದ ಇನ್ನೂ ದೂರದ ಊರು, ಸಾಲು ಮನೆಗಳಲ್ಲಿ ಒಂದು, ಮೊದಲಿನದಕ್ಕಿಂತ ಚಿಕ್ಕದು. ಸಹಿ ಹಾಕಿದ ಮೇಲೆಯೇ ನಮಗೆ ಹೇಳಿದಳು. ಪಂಚಾಂಗ ನೋಡಿದರೆ ಅವತ್ತು ಅಮಾವಾಸ್ಯೆ. ಅವ್ವ ಬಾಯಿ ತೆರೆದಳು. "ಅವ್ವ, ಒಂದ್ ಮಾತು ಆಡಿದ್ರೆ ನೋಡು" ಎಂದೆ. ಮುಚ್ಚಿಕೊಂಡಳು.

ಸಂಕ್ರಾಂತಿ ಕಳೆದ ಮೇಲೆ ತಂಗಿ ಬಂದಳು, ಮಗಳನ್ನು ಕರೆದುಕೊಂಡು ಹೋಗುವ ಮಾತಾಡಲು. ಅಲ್ಲಿಯ ಶಾಲೆಯಲ್ಲಿ ಮಾತಾಡಿ ಬಂದಿದ್ದಳು, ಪಾಳಿಯನ್ನು ಹಗಲಿಗೆ ಹಾಕಿಸಿಕೊಂಡಿದ್ದಳು. ಊಟವಾದ ಮೇಲೆ ಜಗುಲಿಯಲ್ಲಿ ಕೂತು ಮೊಬೈಲಿನಲ್ಲಿ ಮನೆ ತೋರಿಸಿದಳು. ನಾನು ಹಿಂದೆ ನಿಂತಿದ್ದೆ. ಇದು ಅಡುಗೆಮನೆ, ಇದು ಹಿತ್ತಲು, ಇದು ನಿನ್ನ ರೂಮು. ಗೋಡೆಗೆ ಹಳದಿ ಬಣ್ಣ ಹೊಡೆಸಿದ್ದಳು. ಹುಡುಗಿ ಒಂದೊಂದನ್ನೂ ಸಮಾಧಾನವಾಗಿ ನೋಡಿ, "ಚೆನ್ನಾಗೈತಮ್ಮ" ಎಂದಳು. ಬೀಗರ ಮನೆಯ ಆಲ್ಬಮ್ಮು ನೋಡುವವರು ಹೇಳುವ ಹಾಗೆ.

"ಪರೀಕ್ಷೆ ಮುಗೀಲಿ, ನಾನೇ ಮತ್ತೆ ಬತ್ತೀನಿ. ಓಗಣ ನಾವಿಬ್ರೂ. ಅಲ್ಲೇ ಸ್ಕೂಲ್ಗೆ ಸೇರ್ಕೋವಂತೆ" ಎಂದಳು ತಂಗಿ.

ಹುಡುಗಿ ಒಮ್ಮೆ ನನ್ನ ಕಡೆ ನೋಡಿದಳು. ಆಮೇಲೆ ಅಮ್ಮನ ಕೈ ಮೇಲೆ ಕೈ ಇಟ್ಟು, ಅವಳಿಗೆ ನೋವಾಗದ ಹಾಗೆ, ಮೆಲ್ಲಗೆ ಹೇಳಿದಳು: "ರಜಕ್ಕೆ ಬತ್ತೀನಿ ಬುಡಮ್ಮ."

ನಮ್ಮ ಕಡೆ ಮಕ್ಕಳು ರಜಕ್ಕೆ ಹೋಗುವುದು ಅಜ್ಜಿ ಮನೆಗೆ, ಅತ್ತೆ ಮನೆಗೆ, ದೊಡ್ಡಮ್ಮನ ಮನೆಗೆ. ಅಮ್ಮನ ಮನೆಗೆ ರಜಕ್ಕೆ ಹೋಗುವ ಮಗುವನ್ನು ನಾನು ಅವತ್ತೇ ನೋಡಿದ್ದು.

ತಂಗಿ ಎದ್ದು ಹಿತ್ತಲಿಗೆ ಹೋಗಿ, ನಲ್ಲಿ ಬಿಟ್ಟುಕೊಂಡು ಬಹಳ ಹೊತ್ತು ಮುಖ ತೊಳೆದಳು. ನನಗೆ ಏನಾಯಿತೆಂದು ಬರೆಯಲು ನಾಚಿಕೆಯಾಗುತ್ತದೆ. ಹುಡುಗಿ ನನ್ನ ಬಳಿಯೇ ಉಳಿಯುತ್ತಾಳೆ ಎಂದು ಒಂದು ಕ್ಷಣ ಜೀವ ಕುಣಿಯಿತು. ಮರುಕ್ಷಣವೇ ನಲ್ಲಿಯ ಸದ್ದು ಕೇಳಿ ಹುಡುಗಿಯ ಮೇಲೆ ರೇಗಿದೆ. "ಏನೇ ಅಂಗಂತೀಯ? ನಿನ್ನ ಹೆತ್ತವ್ಳು ಕಣೇ ಅವ್ಳು. ನಿನ್ಗೋಸ್ಕರ ಹಗ್ಲು ರಾತ್ರಿ ದುಡ್ದು ಮನೆ ಮಾಡವ್ಳೆ. ಓಗ್ಲೇಬೇಕು ನೀನು."

"ಗೊತ್ತು ದೊಡ್ಡವ್ವ" ಎಂದಳು ಹುಡುಗಿ. ತಲೆ ತಗ್ಗಿಸಿ ನಿಂತಳು. ಆದರೆ ಹೋಗುತ್ತೇನೆ ಎನ್ನಲಿಲ್ಲ.

ತಂಗಿ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ಒಳಗೆ ಬಂದು ನನ್ನ ತೋಳು ಹಿಡಿದಳು. "ಬುಡಕ್ಕ. ಎಳ್ಕೊಂಡ್ ಓಗಾಕೆ ಅವ್ಳೇನ್ ಸಾಮಾನಾ?" ಎಂದಳು. ಮಗಳ ಕಡೆ ತಿರುಗಿ, "ಆಯ್ತು ಕಣವ್ವ, ರಜಕ್ಕೇ ಬಾ" ಎಂದಳು. ರಜ ಮುಗಿಯಲು ನಾಲ್ಕು ದಿನ ಮುಂಚೆಯೇ ಹೊರಟುಬಿಟ್ಟಳು. ಚನ್ನಪಟ್ಟಣದಲ್ಲಿ ಬಸ್ಸು ಹತ್ತಿಸಲು ಹೋದಾಗ ಕಿಟಕಿಯಿಂದ, "ಒಂದೊರ್ಸ ಅಂದಿದ್ದೆ ಅಲ್ವಾ ಅಕ್ಕ" ಎಂದಳು. ಬಸ್ಸು ಹೊರಟಿತು.

ಏಪ್ರಿಲ್‌ನಲ್ಲಿ ಪರೀಕ್ಷೆ ಮುಗಿಯಿತು. ತಂಗಿಯ ಜೊತೆ ಕೆಲಸ ಮಾಡುವ ಒಬ್ಬರು ಊರಿಗೆ ಬಂದು ವಾಪಸು ಹೊರಟಿದ್ದರು. ಅವರೊಂದಿಗೆ ಕಳಿಸುವುದೆಂದಾಯಿತು. ಹೊರಡುವ ಹಿಂದಿನ ಸಂಜೆ ನಾನು ಹುಡುಗಿಯ ಬಟ್ಟೆ ಇಸ್ತ್ರಿ ಮಾಡುತ್ತಿದ್ದೆ. ಅವಳು ಪಕ್ಕದಲ್ಲಿ ಕೂತು ಒಂದೊಂದನ್ನೇ ಮಡಚುತ್ತಿದ್ದಳು. ಖುಷಿಯಾಗಿಯೇ ಇದ್ದಳು, ವಿಮಾನದಲ್ಲಿ ಕಿಟಕಿ ಪಕ್ಕ ಸೀಟು ಸಿಗುತ್ತದಾ ಎಂದೆಲ್ಲ ಕೇಳಿದಳು. ಆಮೇಲೆ ಮಡಚುವುದನ್ನು ನಿಲ್ಲಿಸಿ, "ದೊಡ್ಡವ್ವ, ವಾಪಸ್ ಬರೋ ಟಿಕೆಟ್ಟೂ ಮಾಡ್ಸವ್ರಾ ಅಮ್ಮ?" ಎಂದಳು.

"ಮಾಡ್ಸವ್ಳೆ ಕಣವ್ವ" ಎಂದೆ.

ಮಾಡಿಸಿದ್ದಳು. ಇಲ್ಲಿಯ ಶಾಲೆ ಯಾವತ್ತು ಶುರುವಾಗುತ್ತದೆ ಎಂದು ನನ್ನನ್ನು ಕೇಳಿ ತಿಳಿದುಕೊಂಡು, ಮೊದಲು ಗೊತ್ತು ಮಾಡಿದ್ದೇ ಹುಡುಗಿ ವಾಪಸು ಬರುವ ದಿನವನ್ನು. ಅದು ಖಾತ್ರಿಯಾಗದಿದ್ದರೆ ಮಗಳು ತನ್ನ ಮನೆಗೆ ಬರುವುದಿಲ್ಲ ಎಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.